ದನದ ಡಾಕ್ಟರರ ಎರಡು ಫಟಫಟಿ

ಎಣ್ಣೆ ಬೆರೆಸಿದ ಪೆಟ್ರೋಲಿನ ಹೊಗೆಯೇ ಬೇರೆ. ಕಣ್ಣಿಗೆ ನೀಲಿ, ಮೂಗಿಗೆ ಒಂಥರಾ ಸಿಹಿ, ಗಂಟಲಿಗೆ ಖಾರ. ಈಗಿನ ಗಾಡಿಗಳಿಗೆ ಆ ವಾಸನೆ ಇಲ್ಲ. ಮೊನ್ನೆ ಮುಂಜಾನೆ ಇಚಲಕರಂಜಿಯ ನಮ್ಮ ಓಣಿಯಲ್ಲಿ ಎದುರು ಮನೆಯವರು ಎಲ್ಲಿಂದಲೋ ಒಂದು ಹಳೆಯ ಮೋಟಾರ್ ಸೈಕಲ್ಲು, ನಮ್ಮ ಮಾತಿನ ಫಟಫಟಿ, ತಂದು, ಒದ್ದು ಒದ್ದು ಚಾಲೂ ಮಾಡಿದರು. ನಾನು ರೊಟ್ಟಿ ಬಡಿಯುತ್ತ ಕುಳಿತಿದ್ದೆ. ಕಿಟಕಿಯಿಂದ ಹೊಗೆ ಒಳಗೆ ಬಂತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಎದ್ದಳು. "ಇರ್ಲಿ ಬಿಡವಾ, ಸ್ವಲ್ಪ ಹೊತ್ತು," ಅಂದೆ. ಆಕೆ ನನ್ನ ಮುಖ ನೋಡಿದಳು. ಹಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೂ ನನಗೆ ಅದರ ಖಬರೇ ಇರಲಿಲ್ಲ...

ಆಗ ನಾವು ಗಡಹಿಂಗ್ಲಜದಲ್ಲಿದ್ದೆವು. ನಮ್ಮ ಮನೆಯವರು ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದರು, ರಜೆ ಸಿಕ್ಕಾಗ ಬರುತ್ತಿದ್ದರು. ಮನೆಯಲ್ಲಿ ನಾನು, ನಮ್ಮ ಅತ್ತಿ, ನನ್ನ ಒಂದು ಕೂಸು. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆ ದನದ ಡಾಕ್ಟರರದು. ನಿಜ ಹೇಳಬೇಕೆಂದರೆ ಅವರು ಡಾಕ್ಟರಲ್ಲ, ಡಾಕ್ಟರರ ಕೈಕೆಳಗಿನವರು. ಆದರೆ ಗುಡ್ಡದ ಕಡೆ ಕುರಿ ಕಾಯುವವರಿಗೆ ಸೂಜಿ ಹಿಡಿದು ಬಾಗಿಲಿಗೆ ಬಂದವನೇ ಡಾಕ್ಟರ. ನಾನು ಅವರನ್ನು ಅಣ್ಣಾರ ಅನ್ನುತ್ತಿದ್ದೆ, ಅವರ ಹೆಂಡತಿಗೆ ವೈನಿ. ನನ್ನ ತವರುಮನೆ ಹಲಕರ್ಣಿಯಿಂದ ಒಳಗೆ ಗುಡ್ಡದ ಮೇಲಿನ ಕುರುಬರ ವಸ್ತಿ. ನಮ್ಮಪ್ಪನ ಕುರಿಗಳಿಗೂ ಇವರೇ ಔಷಧ ಹಾಕುತ್ತಿದ್ದರು. ಹೋದಾಗಲೆಲ್ಲ ಅಪ್ಪನ ಕ್ಷೇಮ ಸಮಾಚಾರ ತಂದು ನನಗೆ ಮುಟ್ಟಿಸುತ್ತಿದ್ದರು. ಟಪಾಲು ಹೋಗದ ಊರಿನ ಮಗಳಿಗೆ ಅಂಥ ಪಕ್ಕದ ಮನೆ ಸಿಕ್ಕಿದ್ದು ನಮ್ಮ ಕುಲದೇವರು ಬೀರಪ್ಪನ ದಯೆ ಅಂತಲೇ ನಾನು ಎಣಿಸಿಕೊಂಡಿದ್ದೆ.

ಅವರಲ್ಲಿ ಎರಡು ಫಟಫಟಿ ಇದ್ದವು. ದೊಡ್ಡದು ಕರಿ ಬಣ್ಣದ್ದು, ಮಾವ ಕೊಟ್ಟಿದ್ದು. ಸಣ್ಣದು ಕೆಂಪು, ತಾವೇ ಹಳೆಯದು ನೋಡಿ ಕೊಂಡಿದ್ದು. ಈ ಸಣ್ಣದನ್ನು ಕೊಲ್ಲಾಪುರಕ್ಕೆ ಒಯ್ದು, ಮುಂದಿನ ಗಾಲಿಯ ಮೇಲಿನ ಮಡ್‌ಗಾರ್ಡನ್ನು ಗೇಣಿನಷ್ಟು ಮೇಲೆತ್ತಿಸಿ, ಹೊಗೆಯ ನಳಿಗೆಯನ್ನು ಸೀಟಿನ ಸಮಕ್ಕೆ ಏರಿಸಿ, ಹಲ್ಲು ಹಲ್ಲಿನ ಟಾಯರು ಹಾಕಿಸಿಕೊಂಡು ಬಂದಿದ್ದರು. ಓಣಿಯವರೆಲ್ಲ ನೋಡಿ ನಕ್ಕರು. "ಲಂಗಾ ಎತ್ತಿಕೊಂಡು ಹೊಳಿ ದಾಟೂ ಹುಡುಗಿ ಕಂಡಂಗ ಕಾಣತೈತಿ," ಅಂತ ನಮ್ಮ ಅತ್ತಿ ಅಂದರು. ದೊಡ್ಡದಕ್ಕೆ ಅವರು ಏನೂ ಮಾಡಿಸಲಿಲ್ಲ. ಮಾವ ಕೊಟ್ಟಿದ್ದು ಹೇಗಿತ್ತೋ ಹಾಗೇ ಇರಬೇಕು ಅಂತಿದ್ದರು. ವೈನಿ ಕೆಣಕದೆ ಬಿಡುತ್ತಿರಲಿಲ್ಲ: "ನಮ್ಮಪ್ಪ ಮಗಳನ್ನೂ ಕೊಟ್ಟಾ, ಫಟಫಟೀನೂ ಕೊಟ್ಟಾ. ಇವರು ದಿನಾ ಒರಸಿ ನೋಡೂದು ಮಾತ್ರ ಒಂದನ್ನ!"

ಸಂಜೆ ಅವರು ಕಟ್ಟೆಗೆ ಕುಳಿತರೆಂದರೆ ಮಾತು ಅದೇ. ಯಾವ ಗಾಡಿ ಎಲ್ಲಿ ನಡೆಯುತ್ತದೆ, ಎಲ್ಲಿ ಕೈ ಕೊಡುತ್ತದೆ. ಕುರಿಯವರು ಸಂತೆಗೆ ಬಂದು ಕುಳಿತರೆ ಅವರಿಗೆ ತಿಳಿಯುವ ಹಾಗೆ ಹೇಳುತ್ತಿದ್ದರು.

"ದೊಡ್ಡದು ಕೋಣ ಇದ್ದಂಗ. ಕಲ್ಲಿನ ಏರಿನ್ಯಾಗ ಸಾವಕಾಶ ಬಿಟ್ರ ಡಬ್ ಡಬ್ ಅಂತ ತಾನ ಏರತೈತಿ, ಉಸಿರು ಹತ್ತೂದಿಲ್ಲ. ಇಳಿಜಾರಿನ್ಯಾಗ ಗೇರಿನ್ಯಾಗ ಬಿಡು, ತಾನ ಹಿಡಕೊಂಡು ಇಳೀತೈತಿ. ಆದ್ರ ಕೆಸರಿನ್ಯಾಗ ಕೋಣ ಮಲಗಿದ್ರ ಯಾವ ಮಗಾ ಎಬ್ಬಸಬೇಕು?"

"ಮತ್ತ ಸಣ್ಣದು?"

"ಅದು ಹೋತ. ಜಿಗೀತೈತಿ. ಎರಿ ಮಣ್ಣಿನ್ಯಾಗ ಕೆಸರು ತುಂಬಿ ಗಾಲಿ ಕಟ್ಟೂದಿಲ್ಲ, ಬಿದ್ರ ಒಬ್ಬನ ಎತ್ತಬಹುದು. ಆದ್ರ ಏರಿನ್ಯಾಗ ಕಿವಿ ಹಿಂಡತನಾ ಇರಬೇಕು. ಕೈ ಸಡಲ ಬಿಟ್ಟಿ, ನಿಂತ ಬಿಡತೈತಿ. ಇಳಿಜಾರಿನ್ಯಾಗ ಬ್ರೇಕ ಒಂದ ದೇವರು."

"ಒಟ್ಟಿನ್ಯಾಗ ಎರಡೂ ಸುಮಾರ ಅನ್ರಿ," ಅಂದಿದ್ದ ಒಬ್ಬ ಮುದುಕ. ಅಣ್ಣಾರಿಗೆ ಸಿಟ್ಟು ಬಂದು, ಆ ಮುದುಕನನ್ನು ಚಹಾ ಬರುವವರೆಗೂ ಮಾತಾಡಿಸಲಿಲ್ಲ.

ಸಣ್ಣದರ ಮೇಲೆ ನಾನೂ ಒಮ್ಮೆ ಕುಳಿತಿದ್ದೆ. ಬೇಸಿಗೆಯಲ್ಲಿ ತವರಿಗೆ ಹೋಗಬೇಕಿತ್ತು, ಅವರೂ ಆ ಕಡೆ ಹೊರಟಿದ್ದರು, ಅತ್ತಿ ಹೂಂ ಅಂದರು. ನಮ್ಮಲ್ಲಿ ಹೆಂಗಸರು ಗಾಡಿಯ ಮೇಲೆ ಎರಡೂ ಕಾಲು ಒಂದೇ ಬದಿಗೆ ಇಳಿಬಿಟ್ಟು ಕೂಡ್ರಬೇಕು. ಕಾಲು ಅಗಲಿಸಿ ಗಂಡಸಿನ ಹಾಗೆ ಕೂಡ್ರುವುದು ಅಂದರೆ ಮನೆತನದ ಮಾನ ಹೋದ ಹಾಗೆ. ನಾನೂ ಹಾಗೇ ಕುಳಿತೆ. ಡಾಂಬರು ಇರುವವರೆಗೆ ಎಲ್ಲ ಸರಿ ಇತ್ತು. ಬಂಡಿದಾರಿಗೆ ಇಳಿದ ಮೇಲೆ ಗಾಡಿ ನನ್ನ ಕಡೆಗೇ ವಾಲತೊಡಗಿತು. ಪ್ರತಿ ಕಲ್ಲಿಗೆ ನಾನು ಜಾರುತ್ತಿದ್ದೆ, ನಾನು ಜಾರಿದಾಗೊಮ್ಮೆ ಅವರ ಕೈ ತಪ್ಪುತ್ತಿತ್ತು. ಗುಡ್ಡದ ಏರಿನಲ್ಲಿ ಎರಡು ಸಲ ಇಳಿದು ನಡೆದೆ.

"ತಪ್ಪು ತಿಳೀಬ್ಯಾಡ ತಂಗಿ," ಅಂದರು ಅವರು, ಬೆವರು ಒರೆಸಿಕೊಳ್ಳುತ್ತ. "ಇದರ ಮ್ಯಾಲ ನೊಣಾ ಕುಂತ್ರೂ ಇದಕ್ಕ ಗೊತ್ತಾಗತೈತಿ. ದೊಡ್ಡದಕ್ಕ ಎಮ್ಮಿ ಕುಂತ್ರೂ ಗೊತ್ತಾಗೂದಿಲ್ಲ."

"ಹಂಗಾರ ನಾ ಎಮ್ಮಿ ಅಂತೀರೇನ್ರಿ?" ಅಂದೆ. ಅವರು ನಕ್ಕ ನಗೆ ಗುಡ್ಡದಲ್ಲಿ ಕೇಳಿಸಿತು. ಆ ದಿನ ಅಪ್ಪ ವಸ್ತಿಯ ಹೊರಗೇ ಬಂದು ನಿಂತಿದ್ದ. ಗಾಡಿಯ ಸಪ್ಪಳ ಕೇಳಿ ಬಂದೆ ಅಂದ. ಗಾಡಿಗೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ, ನನ್ನ ಹಣೆಗೂ ಹಚ್ಚಿದ...

ಅದಾದ ಮುಂದಿನ ಮಳೆಗಾಲ. ಶ್ರಾವಣದ ಒಂದು ಸಂತೆ ದಿನ. ಬಿಸಿಲು ಏರಿದ ಹೊತ್ತಿಗೆ ನಮ್ಮ ವಸ್ತಿಯ ಒಬ್ಬಾತ ನೆನೆದ ಕಂಬಳಿ ಹೊತ್ತುಕೊಂಡು ಬಾಗಿಲಿಗೆ ಬಂದು ನಿಂತ. "ಯವ್ವಾ, ನಿಮ್ಮಪ್ಪಗ ಭಾಳ ಆಗೈತಿ. ಮಗಳು ಬಂದಳೇನು ಅಂತ ಕೇಳಾಕತ್ತಾನ. ಯಾರ ಕೈಯಾಗಿನ ನೀರೂ ಒಲ್ಲೆ ಅಂತಾನ," ಅಂದ.

ನಮ್ಮಲ್ಲಿ ಹೊರಡುವ ಜೀವಕ್ಕೆ ಮಗಳ ಕೈಯಿಂದ ಬಾಯಲ್ಲಿ ನೀರು ಬಿಡುವುದಿದೆ. ಅಪ್ಪನಿಗೆ ನಾನೊಬ್ಬಳೇ ಮಗಳು. ಉಳಿದವನು ಒಬ್ಬ ತಮ್ಮ.

ಮನೆಯವರು ಊರಲ್ಲಿಲ್ಲ. ಬಸ್ಸು ಹೋದರೂ ಡಾಂಬರು ಇರುವಲ್ಲಿಗೆ ಮಾತ್ರ, ಅದೂ ಸಂಜೆಗೆ. ನಾನು ಏನೂ ತಿಳಿಯದೆ ಗೋಡೆ ಹಿಡಿದು ನಿಂತೆ. ಅಷ್ಟರಲ್ಲಿ ಪಕ್ಕದಲ್ಲಿ ಸಣ್ಣ ಗಾಡಿಯ ಸಪ್ಪಳ ಆಯಿತು. ಅಣ್ಣಾರಿಗೆ ಯಾರೂ ಹೇಳಬೇಕಾಗಿರಲಿಲ್ಲ, ಗೋಡೆಯ ಆಚೆಯಿಂದ ಕೇಳಿಸಿಕೊಂಡು ಗಾಡಿ ಹೊರಗೆ ತೆಗೆದಿದ್ದರು. "ಲಗೂ ಬಾ ತಂಗಿ. ಮಳಿ ನಿಂತು ಹೊರಪ ಕೊಟ್ಟೈತಿ," ಅಂದರು.

ಅತ್ತಿ ಒಳಗೆ ಓಡಿದರು. ತವರಿಗೆ ಹೋಗುವ ಮಗಳು ಬರಿಗೈಲಿ ಹೋಗಬಾರದು, ಅದರಲ್ಲೂ ಇಂಥ ಹೊತ್ತಿನಲ್ಲಿ ಆ ಮನೆಯಲ್ಲಿ ಒಲೆ ಹೊತ್ತಿರುವುದಿಲ್ಲ. ಇದ್ದಷ್ಟು ರೊಟ್ಟಿ, ಪಲ್ಯ, ಚಟ್ನಿ ಎಲ್ಲ ಬುಟ್ಟಿಗೆ ತುಂಬಿ, ಬಟ್ಟೆ ಕಟ್ಟಿ ತಂದು, ಆಗಲೇ ಸಣ್ಣ ಗಾಡಿ ಏರಿದ್ದ ನನ್ನ ತೊಡೆಯ ಮೇಲೆ ಇಟ್ಟರು. ನಾನು ಒಂದೇ ಬದಿಗೆ ಕಾಲು ಇಳಿಬಿಟ್ಟು, ಬುಟ್ಟಿ ಅವಚಿಕೊಂಡು, ಒಂದೇ ಕೈಯಿಂದ ಸೀಟು ಹಿಡಿದು ಕುಳಿತಿದ್ದೆ. ಕೂಸನ್ನು ವೈನಿ ಎತ್ತಿಕೊಂಡಿದ್ದರು.

ಅಣ್ಣಾರು ಹಿಂದೆ ತಿರುಗಿ ನೋಡಿದರು. ನನ್ನನ್ನು ನೋಡಿದರು, ಬುಟ್ಟಿ ನೋಡಿದರು, ಮುಗಿಲು ನೋಡಿದರು. "ಎರಡೂ ಕಡೆ ಕಾಲು ಹಾಕಿ ಕೂಡ್ರಾಕ ಬರತೈತೇನು?" ಅಂತ ಮೆಲ್ಲಗೆ ಕೇಳಿದರು. ನಾನು ಅತ್ತಿಯ ಕಡೆ ನೋಡಿದೆ. ಅತ್ತಿ ಬೈಯಲಿಲ್ಲ. ಬರೇ, "ಅಯ್ಯ ಶಿವನ, ಬಸ್ ಸ್ಟ್ಯಾಂಡಿನ ಮುಂದ ಹಾದು ಹೋಗಬೇಕಲ್ಲೋ ಯಪ್ಪಾ," ಅಂದರು. ಆ ಕಾಲಕ್ಕೆ ಅದು ತಪ್ಪು ಮಾತೇನೂ ಅಲ್ಲ. ನನ್ನ ಸೀರೆಯೂ ಕಚ್ಚೆ ಹಾಕಿ ಉಟ್ಟಿದ್ದಲ್ಲ.

ಅಣ್ಣಾರು ಒಂದು ಗಳಿಗೆ ನಿಂತರು. ಆಮೇಲೆ ಸಣ್ಣದನ್ನು ಗೋಡೆಗೆ ಒರಗಿಸಿ, ದೊಡ್ಡದನ್ನು ಹೊರಗೆ ತಂದರು. "ಇದು ತಡಕೋತೈತಿ," ಅಂದರು. ಅಷ್ಟೇ.

ಡಾಂಬರಿನ ಮೇಲೆ ದೊಡ್ಡದು ದೋಣಿಯ ಹಾಗೆ ಹೋಯಿತು. ನಾನು ಇದ್ದೇನೋ ಇಲ್ಲವೋ ಅನ್ನುವಷ್ಟು ಸಮ. ಬೀರಪ್ಪಾ, ಒಳ್ಳೆಯದೇ ಆರಿಸಿ ಕೊಟ್ಟಿ ಅಂದುಕೊಂಡೆ. ಬುಟ್ಟಿಯೊಳಗಿನ ರೊಟ್ಟಿ ಇನ್ನೂ ಬೆಚ್ಚಗಿತ್ತು.

ಡಾಂಬರು ಬಿಟ್ಟ ಮೇಲೆ ಗುಡ್ಡದ ಬುಡದವರೆಗೆ ಕಬ್ಬಿನ ಹೊಲಗಳ ನಡುವಿನ ಬಂಡಿದಾರಿ. ಎಲ್ಲ ಎರಿ ಮಣ್ಣು. ಮಳೆಗೆ ಅದು ಮಣ್ಣಾಗಿ ಉಳಿಯುವುದಿಲ್ಲ, ನಾದಿದ ಹಿಟ್ಟಾಗುತ್ತದೆ. ಸ್ವಲ್ಪ ದೂರ ಹೋಗುವುದರೊಳಗೆ ಮುಂದಿನ ಗಾಲಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಗಾಲಿಯೇ ತಿರುಗದಂತಾಯಿತು. ಅವರು ಇಳಿದು, ಕಬ್ಬಿನ ಗಣಿಕೆ ಮುರಿದು, ಕೆರೆದು ಕೆರೆದು ತೆಗೆದರು. ನಾಲ್ಕು ಮಾರು ಹೋಗುವುದು, ಮತ್ತೆ ಕಟ್ಟುವುದು. ಮತ್ತೆ ಕೆರೆಯುವುದು. ಮಳೆ ಮತ್ತೆ ಹಿಡಿಯಿತು. ಹಳ್ಳದ ದಂಡೆಗೆ ಬಂದಾಗ ಹಿಂದಿನ ಗಾಲಿ ಜಾರಿ, ಕೋಣ ಮಲಗಿತು. ನಾನು ಬುಟ್ಟಿ ಸಮೇತ ಹುಲ್ಲಿನ ಮೇಲೆ ಬಿದ್ದೆ, ಏನೂ ಆಗಲಿಲ್ಲ. ಅವರ ಕಾಲೂ ಗಾಡಿಯ ಕೆಳಗೆ ಸಿಗಲಿಲ್ಲ. ಅದೊಂದು ದಯೆ.

ಅವರು ಎತ್ತಿದರು, ಅದು ಏಳಲಿಲ್ಲ. ನಾನು ಬುಟ್ಟಿ ಇಟ್ಟು ಕೈ ಹಚ್ಚಿದೆ, ಏಳಲಿಲ್ಲ. ಎತ್ತಿದಷ್ಟು ಒಳಗೆ ಹೋಗುತ್ತಿತ್ತು. ಕಾಲೂರಲು ಗಟ್ಟಿ ನೆಲವೇ ಇಲ್ಲ.

"ನಾ ನಡಕೋತ ಹೋಗ್ಲೇನ್ರಿ ಅಣ್ಣಾರ?" ಅಂದೆ.

"ಈ ಹಳ್ಳಾ ಒಬ್ಬಾಕಿ ದಾಟಬ್ಯಾಡ. ಈಗ ಎದ್ದ ಬಿಡತೈತಿ ತಂಗಿ. ಎದ್ದ ಮ್ಯಾಲ ಏರಿಗೆ ಇದರಂಥಾದ್ದು ಯಾವುದೂ ಇಲ್ಲ. ನೀ ನಡಕೋತ ಮುಟ್ಟೂದ್ರೊಳಗ ನಾವು ಅಲ್ಲಿರತೇವಿ."

ಆ ಮಾತೂ ಸುಳ್ಳಲ್ಲ. ಅವರು ಕಬ್ಬಿನೊಳಗೆ ಕೂಗಿಕೊಳ್ಳುತ್ತ ಆಳುಗಳನ್ನು ಹುಡುಕಿಕೊಂಡು ಹೋದರು. ನಾನು ದಂಡೆಯ ಮೇಲೆ ಬುಟ್ಟಿಗೆ ಸೆರಗು ಮುಚ್ಚಿಕೊಂಡು ಕುಳಿತೆ. ಎದುರಿಗೆ ಗುಡ್ಡ ಕಾಣುತ್ತಿತ್ತು. ನಮ್ಮ ವಸ್ತಿಯ ಬೇವಿನ ಗಿಡ ಕೂಡ ಕಾಣುತ್ತಿತ್ತು, ಕೈ ಚಾಚಿದರೆ ಸಿಗುವ ಹಾಗೆ. ದೇವರ ಹೆಸರು ಒಂದು ಬಿಟ್ಟರೆ ಬಾಯಲ್ಲಿ ಬೇರೆ ಏನೂ ಬರಲಿಲ್ಲ. ಅತ್ತರೆ ಅಪಶಕುನ ಅಂತ ಅಳಲೂ ಇಲ್ಲ. ಹೆಣ್ಣುಮಕ್ಕಳಿಗೆ ಕಾಯುವುದು ಹೊಸದಲ್ಲ, ಆದರೆ ಆ ಹೊತ್ತಿನಂಥ ಕಾಯುವಿಕೆ ದೇವರು ವೈರಿಗೂ ಕೊಡಬಾರದು...

ಕಡೆಗೆ ಕಳೆ ತೆಗೆಯುವವರು ಇಬ್ಬರು ಸಿಕ್ಕರು. ಎಲ್ಲರೂ ಸೇರಿ ಗಾಡಿ ಎತ್ತಿ ಹಳ್ಳ ದಾಟಿಸಿಕೊಟ್ಟರು. ಅಲ್ಲಿಂದ ಕಲ್ಲಿನ ಏರು ಶುರು. ಆಗ ನೋಡಬೇಕಿತ್ತು ಆ ದೊಡ್ಡ ಗಾಡಿಯನ್ನು. ಡಬ್ ಡಬ್ ಅಂತ, ಒಂದು ಕಲ್ಲಿಗೂ ಎಡವದೆ, ಎಲ್ಲೂ ನಿಲ್ಲದೆ ಏರಿತು. ಬೇಸಿಗೆಯಲ್ಲಿ ನಾನು ಎರಡು ಸಲ ಇಳಿದು ನಡೆದಿದ್ದ ಏರು ಅದೇ. ಕೆಸರಿನಲ್ಲಿ ಕಳೆದ ಹೊತ್ತೊಂದೇ ಅಡ್ಡ ಬಂತಲ್ಲ ಅಂತ, ಅದು ಅಷ್ಟು ಚೆನ್ನಾಗಿ ಏರಿದ್ದೇ ಆಮೇಲೆ ನನಗೆ ಹೆಚ್ಚು ಸಂಕಟ ಮಾಡಿತು.

ವಸ್ತಿಯ ಹೊರಗೆ ಅಪ್ಪ ನಿಂತಿರಲಿಲ್ಲ. ಅಂಗಳದಲ್ಲಿ ಜನ ಸುಮ್ಮನೆ ನಿಂತಿದ್ದರು. ತಮ್ಮ ಬಂದು ನನ್ನ ಕೈಯಿಂದ ಬುಟ್ಟಿ ತಗೊಂಡ. "ಈಗಷ್ಟ ಅಕ್ಕಾ..." ಅಂದ. "ಸಪ್ಪಳಾ ಕೇಳಿ, ಬಂದ್ಲು ಅಂದಾ. ಅಷ್ಟ."

ಅಪ್ಪನ ಕೈ ಇನ್ನೂ ಬೆಚ್ಚಗಿತ್ತು. ಬಾಯಲ್ಲಿ ನೀರು ಬಿಟ್ಟೆ. ಅದು ಒಳಗೆ ಹೋಗಲಿಲ್ಲ, ಗಲ್ಲದ ಮೇಲಿಂದ ಹರಿದು ದಿಂಬಿಗೆ ಹೋಯಿತು. ನಾನು ಬಂದೆನೆಂದು ಆತನಿಗೆ ಗೊತ್ತಾಗಿತ್ತು, ಅಷ್ಟಾದರೂ ಸಿಕ್ಕಿತು ಅಂತ ಎಣಿಸಿಕೊಂಡೆ. ಇವತ್ತಿಗೂ ಎಣಿಸಿಕೊಳ್ಳುತ್ತೇನೆ. ಹೊರಗೆ ಅಣ್ಣಾರು ಮೊಣಕಾಲವರೆಗೆ ಕೆಸರಾಗಿ, ಗಾಡಿಯನ್ನು ಮುಟ್ಟದೆ, ಅದರಿಂದ ದೂರ ನಿಂತಿದ್ದರು.

ಆಮೇಲೆ ಅವರು ಕಟ್ಟೆಯ ಮೇಲೆ ಗಾಡಿಯ ಮಾತು ಆಡುವುದನ್ನೇ ಬಿಟ್ಟರು. ಕುರಿಯವರು ಬಂದು ಕೆಣಕಿದರೂ ಹೂಂ ಅನ್ನುತ್ತಿರಲಿಲ್ಲ. ನಾನು ಎದುರಾದರೆ ತಲೆ ತಗ್ಗಿಸುತ್ತಿದ್ದರು. ಒಮ್ಮೆ ನೀರು ತುಂಬುವಾಗ ಗೋಡೆಯ ಆಚೆಯಿಂದ ಅವರ ದನಿ ಕೇಳಿಸಿತು, ವೈನಿಗೆ ಹೇಳುತ್ತಿದ್ದರು: "ಕೈಯಾಗ ತಗೊಂಡಿದ್ದನ್ನ ಗ್ವಾಡಿಗೆ ಒರಗಿಸಿ ಹ್ವಾದೆ ನೋಡು. ಸಣ್ಣದು ಆಗಿದ್ರ ಗಾಲಿ ಕಟ್ತಿದ್ದಿಲ್ಲ." ವೈನಿ, "ಏರಿನ್ಯಾಗ ನಿಲ್ತಿತ್ತಲ್ಲ?" ಅಂದರು. ನಾನು ಹೋಗಿ, ನಿಮ್ಮದೇನೂ ತಪ್ಪಿಲ್ಲ, ಎಲ್ಲ ಆ ಶಿವನ ಇಚ್ಛೆ ಅಂದೆ. ಎಷ್ಟೋ ಸಲ ಅಂದೆ. ನನ್ನ ಮಾತು ಅವರ ಕಿವಿಗೆ ಹೋಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ.

ಮುಂದಿನ ವರ್ಷ ಮತ್ತೆ ಶ್ರಾವಣ ಬಂತು. ಒಂದು ದಿನ ಅಂಥದೇ ಮಳೆ ಹಿಡಿದು ಬಿಟ್ಟಿತ್ತು. ಅಣ್ಣಾರು ಸಣ್ಣ ಗಾಡಿಯ ಹಿಂದೆ ಹಿಂಡಿಯ ಚೀಲ ಕಟ್ಟಿಕೊಂಡು ಹೋದದ್ದನ್ನು ಅತ್ತಿ ನೋಡಿ, "ಈ ಕೆಸರಿನ್ಯಾಗ ಯಾರ ಎಮ್ಮಿಗೆ ಹಿಂಡಿ ಹೊತ್ತಾನೋ," ಅಂದರು. ಸಂಜೆ ತಿರುಗಿ ಬಂದವರು ಮನೆಯೊಳಗೆ ಹೋಗಲಿಲ್ಲ, ನೇರ ನಮ್ಮ ಬಾಗಿಲಿಗೆ ಬಂದರು. ಮೈಯೆಲ್ಲ ಕೆಸರು.

"ತಂಗಿ, ನಿನ್ನಷ್ಟ ವಜನ ಕಟ್ಟಿಕೊಂಡು ನಿಮ್ಮ ವಸ್ತಿ ದಾರಿಗೆ ಹೋಗಿದ್ದೆ," ಅಂದರು. "ಸಣ್ಣದು ಹಳ್ಳದಾಗ ಬಿತ್ತು. ಏರಿನ್ಯಾಗಂತೂ ನಿಂತ ಬಿಟ್ಟಿತು. ಅದನ್ನ ಒಯ್ದಿದ್ರೂ ಆಗ್ತಿದ್ದಿಲ್ಲ. ತಿಳೀತಿಲ್ಲೋ?"

"ತಿಳೀತ್ರಿ," ಅಂದೆ. ಅವರು ಹೋದ ಮೇಲೆ ದೇವರ ಮುಂದೆ ಕಾಯಿ ಒಡೆದೆ. ಎದೆಯ ಮೇಲಿನ ಕಲ್ಲು ಸರಿದ ಹಾಗಾಗಿತ್ತು. ಯಾವುದರಲ್ಲಿ ಹೋದರೂ ಆಗುತ್ತಿರಲಿಲ್ಲ ಅಂದ ಮೇಲೆ ಯಾರ ಮೇಲೆ ಸಿಟ್ಟು, ಯಾತಕ್ಕೆ ಹಳಹಳಿ? ಆ ಮಾತಿನ ಮೇಲೆ ನಾನು ಇಷ್ಟು ವರ್ಷ ನಿದ್ದೆ ಮಾಡಿದ್ದೇನೆ.

ಮುಂದೆ ನಾವು ಇಚಲಕರಂಜಿಗೆ ಬಂದೆವು. ಅವರು ಎರಡೂ ಗಾಡಿ ಮಾರಿ, ಬದಲಿಯಾಗಿ ಕೊಲ್ಲಾಪುರಕ್ಕೆ ಹೋದರು. ವರ್ಷಕ್ಕೊಮ್ಮೆ ಯಾರದೋ ಮದುವೆಯಲ್ಲಿ ಸಿಗುತ್ತಿದ್ದೆವು. ಆರಾಮ ಇದ್ದಿ ತಂಗಿ ಅನ್ನುತ್ತಿದ್ದರು, ಬೇರೆ ಮಾತು ಬೆಳೆಸುತ್ತಿರಲಿಲ್ಲ. ಅಣ್ಣಾರು ತೀರಿಹೋದ ಸುದ್ದಿಯೂ ನನಗೆ ಮಣ್ಣಾದ ಮೇಲೆ ಮುಟ್ಟಿತು...

ಹೊಗೆಯ ವಾಸನೆ ಬಂದ ಮೊನ್ನೆ ನನಗೆ ಮನೆಯಲ್ಲಿ ಕೂಡ್ರಲಾಗಲಿಲ್ಲ. ಮಗನನ್ನು ಕರೆದುಕೊಂಡು ಕೊಲ್ಲಾಪುರಕ್ಕೆ ವೈನಿಯ ಮನೆಗೆ ಹೋದೆ. ಭಾಳ ಸೊರಗಿದ್ದಾರೆ, ಆದರೆ ಬಾಯಿ ಮೊದಲಿನದೇ. "ಅಗಂ ಬಾಯಿ, ಈ ಎಮ್ಮಿ ಇನ್ನೂ ಐತೇನ!" ಅಂದರು. ಇಬ್ಬರೂ ನಕ್ಕೆವು, ಅತ್ತೆವು. ಮಾತಿಗೆ ಮಾತು ಬಂದು ನಾನು ಆ ಹಿಂಡಿಯ ಚೀಲದ ದಿನ ಎತ್ತಿದೆ. ಅಣ್ಣಾರು ಬಂದು ಹಾಗೆ ಹೇಳಿದ್ದು ಎಷ್ಟು ಸಮಾಧಾನ ಕೊಟ್ಟಿತು ಅಂದೆ.

ವೈನಿ ಸೀರೆಯ ಅಂಚು ತಿರುವುತ್ತ ಕುಳಿತರು. ಆಮೇಲೆ ಅಂದರು: "ಬೀಳಲಿಲ್ಲ ಅದು."

"ಏನ್ರಿ?"

"ಬೀಳಲಿಲ್ಲ. ಎಲ್ಲೂ ಕಾಲು ಊರಲಿಲ್ಲಂತ. ಎರಿ ಮಣ್ಣು, ಹಳ್ಳಾ, ಏರು, ಎಲ್ಲಾ ದಾಟಿ ನಿಮ್ಮಪ್ಪನ ಅಂಗಳಕ್ಕ ಹೋಗಿ ನಿಂತಿತಂತ. ಅಲ್ಲೇ ಕುಂತು ಅತ್ತು ಬಂದ್ರು. ಆಕಿ ಮುಂದ ಬಿತ್ತು ಅಂತನ ಹೇಳತೇನಿ, ನೀನೂ ಹಂಗ ಹೇಳಬೇಕು ಅಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡ್ರು. ಸಾಯೂ ತನಕಾ ಅದನ್ನ ಅಂತಿದ್ರು. ಗ್ವಾಡಿಗೆ ಒರಗಿಸಿ ಹ್ವಾದೆ, ಗ್ವಾಡಿಗೆ ಒರಗಿಸಿ ಹ್ವಾದೆ..."

ಕಲ್ಲು ತಿರುಗಿ ಎದೆಯ ಮೇಲೆ ಬಂದು ಕುಳಿತಿತ್ತು. ಆಮೇಲೆ ಏನೋ ಹೊಳೆದು ಕೇಳಿದೆ: "ವೈನಿ, ಚೀಲಾ ಹೆಂಗ ಕಟ್ಟಿದ್ರು?"

"ಹೆಂಗಂದ್ರ? ಎರಡು ಚೀಲಾ ಮಾಡಿ ಎರಡೂ ಬದಿಗೆ ಸಮಾ ಕಟ್ಟಿದ್ವಿ. ನಾನ ಹಗ್ಗಾ ಹಿಡದಿದ್ದೆ. ಒಂದ ಬದಿಗೆ ಕಟ್ಟಾಕ ಹೋದ್ರ ಗಾಡಿ ನಿಂದರವಲ್ದಾಗಿತ್ತು."

"ಹಂಗಾರ ಅದು ನಾ ಅಲ್ಲರಿ!" ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ನಾ ಒಂದ ಬದಿಗೆ ಕುಂತಾಕಿ. ತೊಡಿ ಮ್ಯಾಲ ಬುಟ್ಟಿ. ಚೀಲಾ ಜಾರೂದಿಲ್ಲ, ಅಂಜೂದಿಲ್ಲ. ಬ್ಯಾಸಿಗಿ ದಿನದಾಗ ನನ್ನ ಕೂಡಿಸಿಕೊಂಡು ಆ ಗಾಡಿ ಏರಿಲ್ಲ, ಮಳ್ಯಾಗ ಏರತಿತ್ತೇನು? ಸಣ್ಣದನ್ನ ಗ್ವಾಡಿಗೆ ಒರಗಿಸಿದ್ದ ಸರಿ ಇತ್ತು ಅವರದು!"

ವೈನಿ ನನ್ನನ್ನು ನೋಡಿಯೇ ನೋಡಿದರು. ಕಣ್ಣಲ್ಲಿ ನೀರು ತುಂಬಿತು.

"ಇಷ್ಟ ಮಾತು ಆವಾಗ ಹೇಳಾಕ ಏನಾಗಿತ್ತ ನಿನಗ?"

"ಬಿತ್ತು ಅಂತ ಹೇಳಿದ್ರಲ್ರಿ ಅವರು. ಬಿದ್ದಿಲ್ಲ ಅಂತ ಗೊತ್ತಿದ್ರಲ್ಲ ನಾ ಹೇಳೂದು?"

ಎಷ್ಟು ತಿಳಿದವರು ಅಣ್ಣಾರು ಆ ಎರಡು ಗಾಡಿಗಳನ್ನು! ನೊಣ ಕುಳಿತರೂ ಗೊತ್ತಾಗುತ್ತದೆ ಅಂತ ತಾವೇ ಹೇಳಿದ್ದು. ದುಃಖದಲ್ಲಿ ಅದೊಂದನ್ನೇ ಮರೆತರು. ನನ್ನ ಮನಸ್ಸು ಹಗುರ ಮಾಡಲು ಆಡಿದ ಸುಳ್ಳೇ, ನಾನು ಅವರಿಗೆ ಹೇಳಬಹುದಾಗಿದ್ದ ನಿಜಕ್ಕೆ ಬಾಗಿಲು ಹಾಕಿತು. ಇದರಲ್ಲಿ ಯಾರನ್ನು ಬೈಯಲಿ? ದೇವರನ್ನು ಬೈಯುವ ಅಭ್ಯಾಸ ನನಗಿಲ್ಲ.

ಈಗ ದಿನಾ ದೀಪ ಹಚ್ಚುವಾಗ ಅಪ್ಪನ ಹೆಸರಿನ ಬೆನ್ನಿಗೆ ಅವರನ್ನೂ ನೆನೆಯುತ್ತೇನೆ. ಚೀಲಾ ಬ್ಯಾರೆ, ಹೆಂಗಸು ಬ್ಯಾರೆ ಅಣ್ಣಾರ, ನೀವು ಸರಿಯಾದ್ದನ್ನ ಒಯ್ದಿದ್ರಿ ಅಂತ ಹೇಳುತ್ತೇನೆ. ಹೋದವರಿಗೆ ಕೇಳಿಸುತ್ತದೆ ಅಂತ ನಂಬಿದವಳು ನಾನು. ಕೇಳಿಸಿರಲೂಬಹುದು... ಆದರೆ "ಹೌದಲ್ಲ ತಂಗಿ!" ಅನ್ನುವ ಆ ಒಂದು ಮಾತು ಬರುವುದಿಲ್ಲ. ಅದು ಬರಲಿ ಅಂತ ಸ್ವಲ್ಪ ಹೊತ್ತು ಕುಳಿತು, ಎದ್ದು ಒಲೆಯ ಕಡೆ ಹೋಗುತ್ತೇನೆ.